ಮುದ್ರಾರಾಕ್ಷಸನ ಮೊಮ್ಮಗ

ವಿಶಾಖದತ್ತನ ನಾಟಕದ ಹೆಸರಿಗೆ ನಮ್ಮ ಅಚ್ಚುಕೂಟಗಳು ಕೊಟ್ಟ ಹೊಸ ಅರ್ಥವು ಮೂಲದ ಅರ್ಥಕ್ಕಿಂತ ಹೆಚ್ಚು ಜನಕ್ಕೆ ತಿಳಿದಿದೆ. ನಾಟಕದಲ್ಲಿ ಬರುವ ಮುದ್ರೆ ಅಮಾತ್ಯ ರಾಕ್ಷಸನ ಉಂಗುರದ್ದು. ನಮ್ಮ ಮುದ್ರೆ ಸೀಸದ ಮೊಳೆಯದು. ಮೊಳೆ ಜೋಡಿಸುವವನ ಕೈ ತಪ್ಪಿ, ಕರಡು ತಿದ್ದುವವನ ಕಣ್ಣು ತಪ್ಪಿ, 'ಮಹಾಕವಿ'ಯು 'ಮಹಾಕಪಿ'ಯಾಗಿ ಹೊರಬಿದ್ದಾಗ ಗ್ರಂಥಕರ್ತನು ಒಂದು ನಿಟ್ಟುಸಿರು ಬಿಟ್ಟು, ಎಲ್ಲವನ್ನೂ ಮುದ್ರಾರಾಕ್ಷಸನ ತಲೆಗೆ ಕಟ್ಟಿ ಸುಮ್ಮನಾಗುತ್ತಿದ್ದನು. ಆದರೆ ಆ ರಾಕ್ಷಸನಿಗೂ ಒಂದು ಮರ್ಯಾದೆಯಿತ್ತು. ಗ್ರಂಥದ ಕೊನೆಯಲ್ಲಿ 'ತಪ್ಪು', 'ಒಪ್ಪು' ಎಂದು ಎರಡು ಸಾಲು ಮಾಡಿ, ಪುಟ ಪಂಕ್ತಿಗಳ ಸಂಖ್ಯೆ ಸಹಿತ ಒಂದು ಪಟ್ಟಿ ಇರುತ್ತಿತ್ತು. ಶ್ರದ್ಧಾವಂತ ವಾಚಕನು ಮೊದಲು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪೆನ್ಸಿಲಿನಿಂದ ಪುಸ್ತಕವನ್ನೆಲ್ಲ ತಿದ್ದಿಕೊಂಡು, ಆಮೇಲೆ ಓದಿಗೆ ಕೂಡುತ್ತಿದ್ದನು.

ಈಗ ಆ ರಾಕ್ಷಸನಿಗೆ ಒಬ್ಬ ಮೊಮ್ಮಗ ಹುಟ್ಟಿದ್ದಾನೆ. ಅಜ್ಜನಿಗಿಂತ ಚುರುಕು, ಅಜ್ಜನಿಗಿಂತ ಹೆಚ್ಚು ಉಪಕಾರಿ, ಆದರೆ ತಪ್ಪೊಪ್ಪುಗಳ ಪಟ್ಟಿಯನ್ನು ಹಿಂದೆ ಬಿಟ್ಟುಹೋಗುವ ಅಭ್ಯಾಸವಿಲ್ಲದವನು. ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಅಂದರೆ ಚಿತ್ರವಾಗಿ ತೆಗೆದು, ಆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರವೇ ಗುರುತಿಸಿ ಪಠ್ಯವಾಗಿ ಮಾಡುವ ವಿದ್ಯೆಗೆ ಓ.ಸಿ.ಆರ್. ಎಂದು ಹೆಸರು. ಇದರಿಂದ ಆಗಿರುವ ಉಪಕಾರ ಅಲ್ಪವಲ್ಲ. ಒಂದು ಕಾಲಕ್ಕೆ ಯಾವುದಾದರೂ ಅಪೂರ್ವ ಗ್ರಂಥವನ್ನು ನೋಡಬೇಕಾದರೆ ಮೈಸೂರಿಗೋ ಧಾರವಾಡಕ್ಕೋ ರೈಲು ಹತ್ತಬೇಕಾಗಿತ್ತು. ಅಲ್ಲಿಗೆ ಹೋದಮೇಲೆ ಆ ಪುಸ್ತಕ ಕಪಾಟಿನಲ್ಲಿ ಇರುವುದೂ ಬಿಡುವುದೂ ನಮ್ಮ ಅದೃಷ್ಟ. ಇಂದು ಹಳ್ಳಿಯ ಕಾಲೇಜಿನ ಹುಡುಗನೂ ಕಿಟ್ಟೆಲರ ನಿಘಂಟಿನ ೧೮೯೪ರ ಮುದ್ರಣವನ್ನು ಅಂಗೈಯ ಮೇಲೆ ತೆರೆಯಬಲ್ಲನು. ಇದನ್ನು ಹಳಿಯುವವನು ನಾನಲ್ಲ. ಆದರೆ ಇಲ್ಲಿ ಎರಡು ವಸ್ತುಗಳಿವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು, ಪುಟದ ಚಿತ್ರ. ಇನ್ನೊಂದು, ಆ ಚಿತ್ರದ ಬೆನ್ನಿಗೆ ಅಂಟಿಕೊಂಡಿರುವ ಯಂತ್ರಲಿಖಿತ ಪಠ್ಯ. ನಾವು ಕಣ್ಣಿನಿಂದ ಕಾಣುವುದು ಮೊದಲನೆಯದನ್ನು. ಪದವೊಂದನ್ನು ಹುಡುಕಿಕೊಡು ಎಂದು ಕೇಳಿದಾಗ ಯಂತ್ರ ನೋಡುವುದು ಎರಡನೆಯದನ್ನು. ಚಿತ್ರ ಸುಳ್ಳು ಹೇಳುವುದು ಅಪೂರ್ವ. ಬೆನ್ನಿನ ಪಠ್ಯ ಹೇಳುತ್ತಲೇ ಇರುತ್ತದೆ.

ಕನ್ನಡ ಲಿಪಿಯ ವಿಷಯದಲ್ಲಿ ಯಂತ್ರದ ಕಷ್ಟವನ್ನು ಸಹಾನುಭೂತಿಯಿಂದ ನೋಡಬೇಕು. ೧೮೧೭ರಲ್ಲಿ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಮೇಲೆ ನಮ್ಮ ಅಕ್ಷರಗಳು ಎಷ್ಟೋ ಅಚ್ಚುಕೂಟಗಳಲ್ಲಿ ಎಷ್ಟೋ ರೂಪಗಳನ್ನು ತಾಳಿವೆ. ೧೮೪೩ರ 'ಮಂಗಳೂರು ಸಮಾಚಾರ'ವಂತೂ ಕಲ್ಲಚ್ಚಿನದು. ಅಲ್ಲಿ ಅಕ್ಷರಗಳು ಕೈಬರಹದವು, ಒಂದು 'ಕ'ದಂತೆ ಇನ್ನೊಂದು 'ಕ' ಇರಬೇಕೆಂಬ ಕಟ್ಟಳೆ ಇಲ್ಲ. ಮೊಳೆಯ ಅಚ್ಚಿಗೆ ಬಂದರೆ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಕೊಂಬುಗಳು ಮೇಲಕ್ಕೂ ಪಕ್ಕಕ್ಕೂ ಚಾಚುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಿದರೆ ಅದು ಯಾರ ಸೊತ್ತು ಎಂಬುದು ಯಂತ್ರಕ್ಕೆ ತಿಳಿಯದು. ಒತ್ತಿನ ಮೊಳೆ ಸಣ್ಣದು, ಬೇಗ ಸವೆಯುತ್ತದೆ. ಮಸಿ ತೆಳುವಾದರೆ ಒತ್ತು ಮಾಯ. ಮಸಿ ದಪ್ಪವಾದರೆ ಬೇರೆ ಉಪದ್ರವ. ಮಹಾಪ್ರಾಣವನ್ನು ಸೂಚಿಸುವ ಅಡಿಯ ಸೀಳು ಮುಚ್ಚಿಹೋಗಿ 'ಧ' ಎಂಬುದು 'ದ' ಆಗುತ್ತದೆ, 'ಭ' ಎಂಬುದು 'ಬ' ಆಗುತ್ತದೆ. 'ಪ' 'ವ' 'ಷ'ಗಳ ನಡುವೆ ಇರುವ ಅಂತರ ಕೂದಲೆಳೆಯಷ್ಟು. 'ಮ'ಕಾರವನ್ನು ಕಂಡರೆ 'ವು' ಎನ್ನುವುದು ಅದರ ಇನ್ನೊಂದು ಚಾಳಿ.

ಇವುಗಳಲ್ಲಿ 'ಮನೆ'ಯನ್ನು 'ವುನೆ' ಎಂದು ಓದುವ ತಪ್ಪು ನಿರಪಾಯಕರ. ನೋಡಿದೊಡನೆ ನಗು ಬರುತ್ತದೆ, ತಿದ್ದಿಕೊಂಡು ಮುಂದೆ ಹೋಗುತ್ತೇವೆ. ಅಪಾಯವಿರುವುದು ತಪ್ಪಾಗಿ ಓದಿದ್ದೂ ಒಂದು ಪದವೇ ಆಗಿಬಿಟ್ಟಾಗ. 'ಗುರುಪಾದಕ್ಕೆ ಎರಗಿದನು' ಎಂಬುದು 'ಗುರುವಾದಕ್ಕೆ ಎರಗಿದನು' ಎಂದಾಗಿರುವುದನ್ನು ನಾನು ಕಂಡಿದ್ದೇನೆ. ಶಿಷ್ಯನು ಗುರುವಿನ ವಾದಕ್ಕೆ ಮಣಿದನೆಂದು ಯಾವ ಬುದ್ಧಿವಂತನಾದರೂ ಅದಕ್ಕೆ ಅರ್ಥ ಹೇಳಿಯಾನು. 'ವರನನ್ನು ಕರೆತಂದರು' ಎಂಬಲ್ಲಿ 'ಪರನನ್ನು ಕರೆತಂದರು' ಎಂದಿತ್ತು. ಮದುವೆಯ ಮನೆಯಲ್ಲಿ ಅದೆಷ್ಟು ಅಮಂಗಳ! ಒಂದು ಒತ್ತು ಬಿದ್ದುಹೋದ ಕಾರಣ 'ಹಳ್ಳಿಯ ದಾರಿ'ಯು 'ಹಳಿಯ ದಾರಿ'ಯಾಗಿ, ರೈಲು ಬಾರದ ಊರಿಗೆ ರೈಲು ಬಂದಿತ್ತು. ಇನ್ನೊಂದೆಡೆ ಹೂವುಗಳ 'ಬಣ್ಣ'ವು 'ಬಣ'ವಾಗಿತ್ತು. ಸಾಹಿತಿಗಳಿಗಿದ್ದಂತೆ ಹೂವುಗಳಿಗೂ ಬಣಗಳಿವೆಯೋ ಏನೋ. ಧನವು ದನವಾಗುವುದು ಮಾತ್ರ ದಿನನಿತ್ಯದ ಮಾತು. ಇದು ಪೂರ್ತಿ ಅನ್ಯಾಯವಲ್ಲವೆಂದು ವಾದಿಸಬಹುದು, ನಮ್ಮ ಹಿರಿಯರಿಗೆ ದನವೇ ಧನವಾಗಿತ್ತಲ್ಲ! ಆದರೆ ದಾನಶಾಸನವೊಂದರ ಅಚ್ಚಾದ ಪಾಠವನ್ನು ಹಿಡಿದು ಹಣದ ಲೆಕ್ಕ ಹಾಕಹೊರಟ ಇತಿಹಾಸದ ವಿದ್ಯಾರ್ಥಿಗೆ ಈ ಚಮತ್ಕಾರ ರುಚಿಸಲಾರದು.

ಹಾಸ್ಯದ ಪರಾಕಾಷ್ಠೆಯನ್ನು ನಾನು ಕಂಡದ್ದು ಒಂದು ಹಳೆಯ ಗ್ರಂಥದ ತಪ್ಪೊಪ್ಪುಗಳ ಪಟ್ಟಿಯಲ್ಲಿಯೇ. ಮೂಲದಲ್ಲಿ ಎಡಗಡೆ ಅಶುದ್ಧ ರೂಪ, ಬಲಗಡೆ ಶುದ್ಧ ರೂಪ. ಯಂತ್ರವು ಇಡೀ ಪುಟವನ್ನು ಸಾವಧಾನವಾಗಿ ಓದಿ, ಎಡಬಲಗಳೆರಡರಲ್ಲಿಯೂ ಅನೇಕ ಕಡೆ ಒಂದೇ ರೂಪವನ್ನು ಬರೆದಿಟ್ಟಿತ್ತು. 'ದನ' ತಪ್ಪು, 'ದನ' ಒಪ್ಪು.

ಇಷ್ಟೆಲ್ಲ ತಪ್ಪುಗಳ ನಡುವೆ ನನಗೆ ಅತ್ಯಂತ ಕ್ಲೇಶ ತಂದದ್ದು ಅರ್ಕಾವೊತ್ತು. 'ಧರ್ಮ' ಎಂಬ ಪದದಲ್ಲಿ ರೇಫವನ್ನು ನಾವು ಉಚ್ಚರಿಸುವುದು ಮಕಾರಕ್ಕೆ ಮೊದಲು. ಅರ್ಕಾವೊತ್ತನ್ನು ಹಾಕಿ ಬರೆಯುವುದು ಮಕಾರವಾದ ಮೇಲೆ. ಗಣಕಯಂತ್ರದ ಒಳಲೆಕ್ಕದಲ್ಲಿ ಉಚ್ಚಾರಣೆಯ ಕ್ರಮವೇ ಪ್ರಮಾಣ. ರೇಫ ಮೊದಲು, ಮಕಾರ ಆಮೇಲೆ. ಆದ್ದರಿಂದ ಓದುವ ಯಂತ್ರವು ಕಣ್ಣಿಗೆ ಕಾಣುವ ಅನುಕ್ರಮವನ್ನು ಹಿಂದುಮುಂದು ಮಾಡಿಕೊಳ್ಳಬೇಕು. ಸಾಲದ್ದಕ್ಕೆ, ಆಕಾರದಲ್ಲಿ ಅರ್ಕಾವೊತ್ತಿಗೂ ಕನ್ನಡದ ಒಂಬತ್ತಕ್ಕೂ ಭೇದವೇ ಇಲ್ಲವೆನ್ನಬೇಕು. ಪರಿಣಾಮವಾಗಿ 'ಧರ್ಮ'ವು 'ಧಮ೯' ಆಗುತ್ತದೆ, 'ಸೂರ್ಯ'ನು 'ಸೂಯ೯' ಆಗುತ್ತಾನೆ. ಮಾಸಪತ್ರಿಕೆಯೊಂದರ ಮುಖಪುಟದಲ್ಲಿ 'ವಷ೯ ೯' ಎಂದಿತ್ತು. ಎರಡು ಒಂಬತ್ತುಗಳಲ್ಲಿ ಯಾವುದು ಲೆಕ್ಕದ್ದು, ಯಾವುದು ರೇಫ ಎಂಬುದನ್ನು ಬಲ್ಲವನೇ ಬಲ್ಲ. ಅನುಸ್ವಾರಕ್ಕೂ ಸೊನ್ನೆಗೂ ಇರುವ ಸಂಬಂಧ ಇಂಥದ್ದೇ, ಅದನ್ನು ವಿಸ್ತರಿಸುವುದಿಲ್ಲ.

ನನ್ನ ಪರಿಚಯದ ವಿದ್ಯಾರ್ಥಿನಿಯೊಬ್ಬಳು ಏಕೀಕರಣಕ್ಕೆ ಮುಂಚಿನ ನಿಯತಕಾಲಿಕೆಗಳನ್ನು ಕುರಿತು ಪ್ರಬಂಧ ಬರೆಯುತ್ತಿದ್ದಾಳೆ. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ೧೯೧೭ರಲ್ಲಿ ಹೊರಬಂದಿತಷ್ಟೆ. ಆ ಕಾಲದ ಸುತ್ತುಮುತ್ತ 'ಕರ್ನಾಟಕ' ಎಂಬ ಹೆಸರು ಸಾಮಾನ್ಯ ಲೇಖಕರ ಬರವಣಿಗೆಯಲ್ಲಿ ಎಷ್ಟು ಬಳಕೆಯಲ್ಲಿತ್ತು, ಯಾವ ಅರ್ಥದಲ್ಲಿತ್ತು ಎಂಬುದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಅವಳು ಸ್ಕ್ಯಾನ್ ಆದ ಸಂಚಿಕೆಗಳನ್ನು ತೆರೆದು, ಪದವನ್ನು ಕೊಟ್ಟು ಹುಡುಕಿದಳು. ಸಂಚಿಕೆಯ ಮೇಲೆ ಸಂಚಿಕೆ ಉರುಳಿದರೂ ಸಿಕ್ಕಿದ್ದು ಬೆರಳೆಣಿಕೆಯಷ್ಟು. 'ಕರ್ಣಾಟಕ' ಎಂಬ ಹಳೆಯ ಕಾಗುಣಿತವನ್ನು ಕೊಟ್ಟು ನೋಡಿದಳು, ಅದೂ ಅಷ್ಟಕ್ಕಷ್ಟೆ. ನಾಡಿನ ಹೆಸರನ್ನು ಆ ಪತ್ರಿಕೆಗಳು ಬಳಸುತ್ತಲೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂದು, ಅದಕ್ಕೆ ಕಾರಣಗಳನ್ನೂ ಊಹಿಸಿ, ಒಂದು ಅಧ್ಯಾಯದ ಕರಡನ್ನು ನನ್ನ ಬಳಿಗೆ ತಂದಳು. ಕಾರಣಗಳು ಬಹಳ ಚೆನ್ನಾಗಿದ್ದವು ಎಂಬುದೇ ಭಯದ ಸಂಗತಿ.

ಒಂದು ಸಂಚಿಕೆಯನ್ನು ತೆರೆದು, ಹುಡುಕದೆ, ಸುಮ್ಮನೆ ಓದೋಣವೆಂದೆ. ಮೂರನೆಯ ಪುಟದಲ್ಲೇ ಆ ಹೆಸರು ಇತ್ತು. ಮುಂದಿನ ಪುಟದಲ್ಲಿ ಎರಡು ಸಲ. ಬೆನ್ನಿನ ಪಠ್ಯದಲ್ಲಿ ಅದು 'ಕನಾ೯ಟಕ', 'ಕಣಾ೯ಟಕ', 'ಕನಾಟಕ', ಒಂದು ಕಡೆ 'ಕ ನಾಟಕ' ಎಂದೆಲ್ಲ ವೇಷ ಹಾಕಿಕೊಂಡಿತ್ತು. ನಾಡು ಇಡಿಯಾಗಿ ಒಂದು ಒಂಬತ್ತಂಕಿಯ ಹಿಂದೆ ಅಡಗಿ ಕುಳಿತಿತ್ತು! ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಆ ಅಧ್ಯಾಯವನ್ನು ಪಕ್ಕಕ್ಕಿಟ್ಟು, ಸಂಪುಟಗಳನ್ನು ಮೊದಲಿನಿಂದ ಪುಟಪುಟವಾಗಿ ಓದತೊಡಗಿದಳು. ಅವಳಿಗೆ ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ವಿದ್ಯಾರ್ಥಿವೇತನಕ್ಕೆ ಆ ಒಂದು ವರ್ಷ ಇಲ್ಲ.

ತಪ್ಪಾಗಿ ಓದಿದ ಪದವನ್ನು ಯಾರಾದರೂ ಒಂದು ದಿನ ಕಂಡು ತಿದ್ದಿಯಾರು. ಆದರೆ ಪದ 'ಇಲ್ಲ' ಎಂದು ಯಂತ್ರ ಹೇಳಿದಾಗ ತಿದ್ದುವುದಕ್ಕೆ ಏನೂ ಕಾಣಿಸುವುದೇ ಇಲ್ಲ. ನಮ್ಮ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವೆಂದು ಒಪ್ಪುವಾಗಲೂ, ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂಥ ಸ್ಥಿತಿಯಿರಬೇಕೆಂದು ನಿಬಂಧನೆ ಹಾಕಿದ್ದರು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಹೇಳಲಾಗದು.

ಪಾಶ್ಚಾತ್ಯರೇನೂ ಇದರಿಂದ ಪಾರಾಗಿಲ್ಲ. ಇಂಗ್ಲಿಷಿನಲ್ಲಿ ಹಿಂದೆ ಎಸ್ ಅಕ್ಷರಕ್ಕೆ ನೀಳವಾದ ಇನ್ನೊಂದು ರೂಪವಿತ್ತು. ನೋಡುವುದಕ್ಕೆ ಬಹುಮಟ್ಟಿಗೆ ಎಫ್ ಅಕ್ಷರದಂತೆಯೇ. ಹದಿನೆಂಟನೆಯ ಶತಮಾನದ ಕೊನೆಗೆ ಅದು ಅಚ್ಚಿನಿಂದ ಮರೆಯಾಗತೊಡಗಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆ ೧೮೦೩ರಲ್ಲಿ ಅದನ್ನು ಕೈಬಿಟ್ಟಿತು. ಗೂಗಲ್ ಸಂಸ್ಥೆ ೨೦೧೦ರಲ್ಲಿ ಲಕ್ಷಾಂತರ ಪುಸ್ತಕಗಳ ಪದಗಳನ್ನು ಎಣಿಸಿ, ಯಾವ ಪದ ಯಾವ ಕಾಲದಲ್ಲಿ ಎಷ್ಟು ಬಳಕೆಯಲ್ಲಿತ್ತೆಂದು ತೋರಿಸುವ ಸಾಧನವನ್ನು ಸಾರ್ವಜನಿಕರಿಗೆ ಕೊಟ್ಟಿತು. ಜನ ನೋಡುತ್ತಾರೆ, ಸಭ್ಯರ ಬಾಯಲ್ಲಿ ಬಾರದ ಒಂದು ಬೈಗುಳ ೧೮೦೦ಕ್ಕೆ ಮುಂಚೆ ಹೇರಳ, ಅನಂತರ ಥಟ್ಟನೆ ನಾಪತ್ತೆ! ಆಂಗ್ಲರು ಒಂದೇ ತಲೆಮಾರಿನಲ್ಲಿ ಸಭ್ಯರಾದರೆ? ಹಾಗೇನೂ ಇಲ್ಲ. ಅಷ್ಟೂ ಕಡೆ ಇದ್ದದ್ದು 'ಹೀರು' ಎಂಬ ಅರ್ಥದ ನಿರುಪದ್ರವಿ ಕ್ರಿಯಾಪದ. ಮೊದಲಕ್ಷರ ನೀಳವಾದ ಎಸ್. ಹಾಗೆಯೇ ಆರ್, ಎನ್ ಅಕ್ಷರಗಳು ಒತ್ತಾಗಿ ನಿಂತರೆ ಎಂ ಆಗುತ್ತದೆ. 'ಮಾಡರ್ನ್' ಎಂಬ ವಿಶೇಷಣ 'ಮೋಡೆಮ್' ಆಗಿ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ದೂರವಾಣಿ ತಂತಿಗೆ ಜೋಡಿಸುವ ಯಂತ್ರ ಪ್ರತ್ಯಕ್ಷವಾಗುತ್ತದೆ. ಹಳೆಯ ಪ್ರಣಯ ಕಾದಂಬರಿಗಳಲ್ಲಿ ನಾಯಕಿಯು ನಾಯಕನ ತೋಳುಗಳನ್ನು ಸೇರುವ ಸಂದರ್ಭದಲ್ಲಿ 'ತೋಳು' ಎಂಬರ್ಥದ ಇಂಗ್ಲಿಷ್ ಪದ ಯಂತ್ರದ ಕಣ್ಣಿಗೆ ಬೇರೊಂದು ಅಂಗದ ಹೆಸರಾಗಿ ಕಂಡಿರುವುದನ್ನು ೨೦೧೪ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅದನ್ನು ಇಲ್ಲಿ ಬರೆಯಲಾರೆ.

ಇಂಥ ಪದಗಳಿಗೆ ಅವರಲ್ಲಿ 'ಪ್ರೇತಪದ' ಎಂಬರ್ಥದ ಹೆಸರಿದೆ. ೧೮೮೬ರಲ್ಲಿ ಸ್ಕೀಟ್ ಎಂಬ ಭಾಷಾಶಾಸ್ತ್ರಜ್ಞರು ಅದನ್ನು ಬಳಕೆಗೆ ತಂದರು. ಎಂದೂ ಬದುಕಿರದೆ ನಿಘಂಟಿನಲ್ಲಿ ಮಾತ್ರ ಓಡಾಡುವ ಪದ ಅದು. ವೆಬ್‌ಸ್ಟರ್ ನಿಘಂಟಿನ ೧೯೩೪ರ ಆವೃತ್ತಿಯಲ್ಲಿ 'ಡಾರ್ಡ್' ಎಂಬ ಪದಕ್ಕೆ ಸಾಂದ್ರತೆ ಎಂದು ಅರ್ಥ ಕೊಟ್ಟಿತ್ತು. ದೊಡ್ಡ ಡಿ ಅಥವಾ ಚಿಕ್ಕ ಡಿ ಎಂಬ ಸಂಕೇತಾಕ್ಷರ ಸಾಂದ್ರತೆಯನ್ನು ಸೂಚಿಸುತ್ತದೆ ಎಂದು ಬರೆದ ಚೀಟಿಯೊಂದರಲ್ಲಿ 'ಡಿ ಆರ್ ಡಿ' ಎಂಬುದನ್ನು ಯಾರೋ ಒಂದೇ ಪದವಾಗಿ ಓದಿಬಿಟ್ಟಿದ್ದರು. ಅದು ಕಣ್ಣಿಗೆ ಬಿದ್ದದ್ದು ೧೯೩೯ರಲ್ಲಿ. ಅಲ್ಲಿ ಯಂತ್ರವಿರಲಿಲ್ಲ, ಮನುಷ್ಯರೇ ಇದ್ದರು.

ಈ ಕುಲದಲ್ಲಿ ಅತ್ಯಂತ ವಿಲಕ್ಷಣವಾದ ಪ್ರೇತ ಇತ್ತೀಚಿನದು. ೧೯೫೯ರಲ್ಲಿ 'ಬ್ಯಾಕ್ಟೀರಿಯಾಲಾಜಿಕಲ್ ರಿವ್ಯೂಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಎರಡು ಅಂಕಣಗಳಾಗಿ ಅಚ್ಚಾದ ಒಂದು ಲೇಖನವಿದೆ. ಒಂದು ಅಂಕಣದಲ್ಲಿ 'ವೆಜಿಟೇಟಿವ್' ಎಂಬ ಪದ ಬರುತ್ತದೆ. ಅದು ಬೆಳವಣಿಗೆಯ ಅವಸ್ಥೆಯಲ್ಲಿರುವ ಜೀವಕೋಶಕ್ಕೆ ಸಂಬಂಧಿಸಿದ್ದು. ಅದೇ ಎತ್ತರದಲ್ಲಿ ಪಕ್ಕದ ಅಂಕಣದಲ್ಲಿ 'ಎಲೆಕ್ಟ್ರಾನ್ ಮೈಕ್ರಾಸ್ಕೊಪಿ' ಎಂದಿದೆ. ಸ್ಕ್ಯಾನ್ ಆದ ಪುಟವನ್ನು ಓದುವಾಗ ಯಂತ್ರವು ನಡುವಣ ಖಾಲಿ ಜಾಗವನ್ನು ಲೆಕ್ಕಿಸದೆ ನೇರವಾಗಿ ಆಚೆಗೆ ದಾಟಿತು. 'ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರಾಸ್ಕೊಪಿ' ಎಂಬ ಹೊಸ ವಿದ್ಯೆಯೊಂದು ಹುಟ್ಟಿತು. ಅಂಥ ಸೂಕ್ಷ್ಮದರ್ಶಕವಿದ್ಯೆ ಭೂಮಿಯ ಮೇಲೆ ಇಲ್ಲ. ೨೦೧೭ರಲ್ಲಿಯೂ ೨೦೧೯ರಲ್ಲಿಯೂ ಇರಾನಿನ ಕೆಲವು ವಿಜ್ಞಾನ ಲೇಖನಗಳಲ್ಲಿ ಇದೇ ಪದಪುಂಜ ಕಾಣಿಸಿಕೊಂಡಿತು. ಪಾರಸೀ ಲಿಪಿಯಲ್ಲಿ 'ಸ್ಕ್ಯಾನಿಂಗ್' ಎಂಬುದಕ್ಕೂ 'ವೆಜಿಟೇಟಿವ್' ಎಂಬುದಕ್ಕೂ ಹೇಳುವ ಪದಗಳಲ್ಲಿ ವ್ಯತ್ಯಾಸ ಒಂದೇ ಒಂದು ಚುಕ್ಕೆಯದು. ಅನುವಾದದಲ್ಲಿ ಆ ಚುಕ್ಕೆ ಕೈಕೊಟ್ಟಿರಬೇಕೆಂದು ತಿಳಿದವರ ಅಭಿಪ್ರಾಯ. ೨೦೨೫ರಲ್ಲಿ ಇದರ ಜಾಡು ಹಿಡಿದವರು ನೋಡಿದಾಗ, ಮನುಷ್ಯರಂತೆ ಬರೆಯುವ ಇಂದಿನ ಕೃತಕ ಬುದ್ಧಿಯ ಯಂತ್ರಗಳು ಕೂಡ ಈ ಇಲ್ಲದ ವಿದ್ಯೆಯ ಹೆಸರನ್ನು ಕಲಿತುಕೊಂಡಿದ್ದವು. ಒಂದು ಯಂತ್ರದ ತಪ್ಪು ಇನ್ನೊಂದು ಯಂತ್ರಕ್ಕೆ ಪಾಠವಾಗಿತ್ತು. ಕನ್ನಡದ ಯಂತ್ರಲಿಖಿತ ಪಠ್ಯಗಳನ್ನೂ ಇಂಥ ಯಂತ್ರಗಳು ಓದಿ ಕನ್ನಡ ಕಲಿಯುತ್ತಿವೆ ಎಂಬುದನ್ನು ನೆನೆದಾಗ 'ಗುರುವಾದಕ್ಕೆ ಎರಗಿದನು' ಎಂಬುದು ಅಷ್ಟು ನಗುವಿನ ವಿಷಯವಾಗಿ ನನಗೆ ತೋರುವುದಿಲ್ಲ.

ಓಲೆಗರಿಯ ಕಾಲದ ಲಿಪಿಕಾರನೂ ತಪ್ಪು ಮಾಡುತ್ತಿದ್ದನು. ಗರಿಯ ಕೊನೆಯಲ್ಲಿ, ಕಂಡಂತೆ ಬರೆದಿದ್ದೇನೆ, ದೋಷವಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಕೈ ಮುಗಿಯುತ್ತಿದ್ದನು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆ ಲಿಪಿಕಾರನ ಸ್ಖಲಿತಗಳಿಗೂ ಒಂದು ಶಾಸ್ತ್ರವಿದೆಯೆಂಬುದು ಗೊತ್ತು. ಗೊತ್ತಿಲ್ಲದ ಪದ ಬಂದಾಗ ಲಿಪಿಕಾರನು ಗೊತ್ತಿರುವ ಪದವನ್ನು ಬರೆಯುತ್ತಾನೆ. ಆದ್ದರಿಂದ ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲದ್ದಾಗಿರುವ ಸಂಭವ ಹೆಚ್ಚು ಎಂಬುದು ಸಂಪಾದಕರು ಬಳಸುವ ಒಂದು ಸೂತ್ರ. ಯಂತ್ರಕ್ಕೆ ಪದಕೋಶವನ್ನು ಕೊಟ್ಟು, ಸಂದೇಹ ಬಂದಾಗ ಇದನ್ನು ನೋಡಿ ತಿದ್ದಿಕೊ ಎಂದರೆ ಅದೂ ಹೀಗೆಯೇ ವರ್ತಿಸುತ್ತದೆ. ಇಂದಿನ ಕನ್ನಡ ಮಾತ್ರ ಬಲ್ಲ ಯಂತ್ರಕ್ಕೆ ಹಳಗನ್ನಡದ 'ಪೊಸ' ಎಂಬುದು 'ಹೊಸ'ದ ಅಪಭ್ರಂಶವಾಗಿ ಕಾಣುತ್ತದೆ. ಉಪಕಾರ ಮಾಡುವ ಹುರುಪಿನಲ್ಲಿ ಅದು ಸಾವಿರ ವರ್ಷವನ್ನು ಅಳಿಸಿಹಾಕುತ್ತದೆ. ಒರಟು ತಪ್ಪಿಗಿಂತ ಈ ನಯವಾದ ತಪ್ಪು ಹೆಚ್ಚು ಕೆಟ್ಟದ್ದೆಂದು ನನ್ನ ನಿಶ್ಚಿತ ಅಭಿಪ್ರಾಯ. ಈ ದೃಷ್ಟಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ 'ಲಿಪಿ ಜ್ಞಾನಿ'ಯ ಮಾರ್ಗ ನನಗೆ ಮೆಚ್ಚುಗೆಯಾಯಿತು. ೨೦೧೯ರಲ್ಲಿ ಪ್ರಕಟವಾದ ಅದರ ವಿವರಣೆಯ ಪ್ರಕಾರ, ಪದಕೋಶದ ನಿರ್ಬಂಧವಿಲ್ಲದೆ ಅಕ್ಷರವನ್ನು ಅಕ್ಷರವಾಗಿಯೇ ಓದುವುದು ಅದರ ಉದ್ದೇಶ. ೧೯೭೦ರಿಂದ ೨೦೦೨ರ ವರೆಗೆ ಅಚ್ಚಾದ ಮೂವತ್ತೈದಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ ಅದಕ್ಕೆ ಶಿಕ್ಷಣ ಕೊಟ್ಟಿದ್ದಾರೆ. ಅವುಗಳಲ್ಲಿ ಹಳಗನ್ನಡದ ಪುಸ್ತಕಗಳೂ ಸೇರಿವೆ.

ಹಳಗನ್ನಡವೆಂದಾಗ ಱ, ೞ ಎಂಬ ಎರಡು ಅಕ್ಷರಗಳ ಮಾತು ಬಂದೇ ಬರುತ್ತದೆ. 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಕತ್ತರಿಸು. 'ಅೞಿ' ಎಂದರೆ ನಾಶವಾಗು. ಈ ಅಕ್ಷರಗಳನ್ನು ಕಲಿಯದ ಯಂತ್ರದ ಕೈಗೆ ಹಳೆಯ ಕಾವ್ಯವನ್ನು ಕೊಟ್ಟರೆ ಅರಿವು ಯಾವುದು ಅಳಿವು ಯಾವುದು ಎಂಬುದು ಉಳಿಯುವುದಿಲ್ಲ. ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಅಷ್ಟು ಶ್ರಮಪಟ್ಟು ವಿವರಿಸಿದ್ದು, ಆಗಲೇ ಜನ ಅದನ್ನು ಮರೆಯತೊಡಗಿದ್ದರಿಂದ. ಈ 'ೞ'ಕಾರದ ದುರ್ದೈವ ಅಲ್ಲಿಗೇ ಮುಗಿಯಲಿಲ್ಲ. ಪ್ರಪಂಚದ ಲಿಪಿಗಳಿಗೆಲ್ಲ ಗಣಕದಲ್ಲಿ ಸ್ಥಾನ ಕಲ್ಪಿಸಿದ ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೂ ಒಂದು ಮನೆ ದೊರೆಯಿತು. ಆದರೆ ಮನೆಯ ಬಾಗಿಲಿಗೆ ಹಾಕಿದ ಹೆಸರು 'ಫ'. ಅಕ್ಷರವನ್ನು ಸೇರಿಸಿದವರೇ ಅದನ್ನು ತಪ್ಪಾಗಿ ಓದಿದ್ದರು! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದ್ದರಿಂದ, ಹಳೆಯ ಹೆಸರನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ. ಎಡಗಡೆ ತಪ್ಪು, ಬಲಗಡೆ ಒಪ್ಪು; ಹಳೆಯ ಪದ್ಧತಿ ಇಲ್ಲಿ ಮಾತ್ರ ಉಳಿದುಕೊಂಡಿದೆ.

ತಿದ್ದುವವರು ಇಲ್ಲವೆಂದಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ ೨೦೦೮ರಿಂದ ತನ್ನ ಹಳೆಯ ವೃತ್ತಪತ್ರಿಕೆಗಳ ಯಂತ್ರಪಾಠವನ್ನು ಸಾರ್ವಜನಿಕರೇ ತಿದ್ದುವುದಕ್ಕೆ ಅವಕಾಶ ಕೊಟ್ಟಿದೆ. ಎಷ್ಟೋ ಮಂದಿ ಊಟವಾದ ಮೇಲೆ ಕುಳಿತು, ತಮ್ಮ ಊರಿನ ಶತಮಾನದ ಹಿಂದಿನ ಸುದ್ದಿಗಳನ್ನು ಸಾಲುಸಾಲಾಗಿ ತಿದ್ದುತ್ತಾರೆ. ಅಮೆರಿಕದಲ್ಲಿ ೨೦೦೭ರಲ್ಲಿ ಲೂಯಿಸ್ ವಾನ್ ಆನ್ ಎಂಬ ವಿದ್ವಾಂಸರ ಬಳಗ ಇನ್ನೂ ಚತುರವಾದ ಉಪಾಯ ಮಾಡಿತು. ನೀನು ಮನುಷ್ಯನೇ ಎಂದು ಪರೀಕ್ಷಿಸಲು ತೋರಿಸುವ ಎರಡು ವಕ್ರ ಪದಗಳಲ್ಲಿ ಒಂದು ಯಂತ್ರಕ್ಕೆ ಉತ್ತರ ಗೊತ್ತಿದ್ದದ್ದು, ಇನ್ನೊಂದು ಹಳೆಯ ಅಚ್ಚಿನಿಂದ ತೆಗೆದ, ಯಂತ್ರ ಓದಲಾರದ್ದು. ಕೋಟ್ಯಂತರ ಜನ ತಮಗೆ ಅರಿವಿಲ್ಲದೆಯೇ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಳೆಯ ಸಂಚಿಕೆಗಳ ಕರಡು ತಿದ್ದಿದರು.

ನಮ್ಮಲ್ಲಿ ಕನ್ನಡ ವಿಕಿಸೋರ್ಸ್ ಎಂಬ ತಾಣದಲ್ಲಿ ಕೆಲವರು ಈ ಕೆಲಸಕ್ಕೆ ಕೂತಿದ್ದಾರೆ. ಒಂದು ಪಕ್ಕದಲ್ಲಿ ಪುಟದ ಚಿತ್ರ, ಇನ್ನೊಂದು ಪಕ್ಕದಲ್ಲಿ ಪಠ್ಯ. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಬಣ್ಣ. ಎರಡನೆಯವರು ಮತ್ತೊಮ್ಮೆ ಓದಿ ಒಪ್ಪಿದರೆ ಹಸಿರು. ನಾನೂ ಸಂಜೆಯ ಹೊತ್ತು ಒಂದೆರಡು ಪುಟಗಳನ್ನು ತಿದ್ದುವುದುಂಟು. ಹಳೆಯ ಪ್ರವಾಸಕಥನವೊಂದರ ಒಂದು ಪುಟದಲ್ಲಿ, ಪ್ರಯಾಣಿಕರು ಕತ್ತಲಾಗುವುದರೊಳಗೆ 'ಗಂಡಿಯನ್ನು ದಾಟಿ' ಹೋದರೆಂದು ಯಂತ್ರ ಓದಿತ್ತು. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಆ ಪುಟದ ತುಂಬ ಹುಳು ಕೊರೆದ ತೂತುಗಳು. 'ಗ'ಕಾರದ ಪಕ್ಕದ ದುಂಡನೆಯ ಕಲೆ ಅನುಸ್ವಾರವೋ, ಹುಳುವಿನ ಕೆಲಸವೋ ಹೇಳುವಂತಿಲ್ಲ. ಹುಳುವಿನದಾದರೆ ಅವರು ದಾಟಿದ್ದು 'ಗಡಿ'. ಮುಂದಿನ ವಾಕ್ಯದಲ್ಲಿ ಬೆಟ್ಟದ ಸಂದು ಬರುತ್ತದೆ, ಅದರ ಮುಂದಿನ ವಾಕ್ಯದಲ್ಲಿ ಸುಂಕದ ಕಟ್ಟೆಯೂ ಬರುತ್ತದೆ. ನಾನು 'ಗಂಡಿ' ಎಂದು ಉಳಿಸಿದ್ದೇನೆ. ಎರಡನೆಯವರು ಯಾರೋ ನನಗೆ ತಿಳಿಯದು, 'ಗಡಿ' ಇರಬಾರದೇಕೆ ಎಂದು ಟಿಪ್ಪಣಿ ಬರೆದಿದ್ದಾರೆ. ಹುಳು ತಿನ್ನದ ಇನ್ನೊಂದು ಪ್ರತಿಗಾಗಿ ಇಬ್ಬರೂ ಹುಡುಕುತ್ತಿದ್ದೇವೆ. ಪುಟ ಸದ್ಯಕ್ಕೆ ಹಳದಿಯಲ್ಲಿದೆ.